ಬೊಟಾಫೊಗೊದ 13ನೇ ಸಂಖ್ಯೆಯ ಜೆರ್ಸಿ: ಕೊಂಡು ತೊಟ್ಟ ಮೇಲೆ

ಉರುಗ್ವೆಯ ಫುಟ್‌ಬಾಲ್ ಆಟಗಾರ ಸೆಬಾಸ್ಟಿಯನ್ ಅಬ್ರೆಯು ಅವರ ಹೆಸರಿರುವ ಜೆರ್ಸಿಯನ್ನು ಕೊಳ್ಳಲು ಹೊರಟವರು ಅದು ಯಾವ ತಂಡದ್ದಾಗಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ. ಮಾಂಟೆವಿಡಿಯೊದ ಡಿಫೆನ್ಸರ್ ಸ್ಪೋರ್ಟಿಂಗ್‌ನಲ್ಲಿ ಆಟ ಆರಂಭಿಸಿ, 2021ರಲ್ಲಿ 44ನೇ ವಯಸ್ಸಿನಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಅರ್ಜೆಂಟೀನಾ, ಬ್ರೆಜಿಲ್, ಮೆಕ್ಸಿಕೊ, ಸ್ಪೇನ್, ಗ್ರೀಸ್, ಇಸ್ರೇಲ್, ಈಕ್ವೆಡಾರ್, ಪರಾಗ್ವೆ, ಎಲ್ ಸಾಲ್ವಡಾರ್, ಚಿಲಿ ಎಂದು ತಾಯ್ನಾಡೂ ಸೇರಿ 11 ದೇಶಗಳಲ್ಲಿ 30ಕ್ಕೂ ಹೆಚ್ಚು ತಂಡಗಳ ಪರವಾಗಿ ಆಡಿದ್ದರು. 2017ರ ಕೊನೆಯಲ್ಲಿ ಚಿಲಿಯ ಆಡಾಕ್ಸ್ ಇಟಾಲಿಯಾನೊ ಸೇರಿದಾಗಲೇ ಅದು ಅವರ 26ನೆಯ ತಂಡವೆಂದು ಗಿನ್ನೆಸ್ ದಾಖಲೆಗೆ ಸೇರಿತ್ತು.

ಇಷ್ಟು ತಂಡಗಳನ್ನು ಬದಲಿಸಿದವನಿಗೆ ಯಾವ ತಂಡದ ಮೇಲೂ ಮಮತೆ ಇರಲಾರದು ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಮತ್ತು ಬ್ರೆಜಿಲ್‌ನ ರಿಯೊ ಡಿ ಜನೈರೊದ ತಂಡವಾದ ಬೊಟಾಫೊಗೊದ ಜೆರ್ಸಿಯನ್ನೇ ಆರಿಸಿಕೊಂಡದ್ದಕ್ಕೆ ಅದೇ ಕಾರಣ. ರಿಯೊ ರಾಜ್ಯದ ಚಾಂಪಿಯನ್‌ಷಿಪ್‌ನಲ್ಲಿ 2007ರಿಂದ ಸತತ 3 ವರ್ಷ ಅದೇ ನಗರದ ಫ್ಲಮೆಂಗೊ ತಂಡದ ಎದುರು ಪ್ರಶಸ್ತಿ ಕೈಬಿಟ್ಟುಹೋಗಿದ್ದ ಬೊಟಾಫೊಗೊಗೆ 2010ರ ಏಪ್ರಿಲ್‌ನಲ್ಲಿ ಅದೇ ಎದುರಾಳಿಯ ವಿರುದ್ಧ ಪೆನಾಲ್ಟಿ ದೊರೆತಾಗ, ಆಗಷ್ಟೇ ತಂಡಕ್ಕೆ ಬಂದಿದ್ದ ಅಬ್ರೆಯು ಚೆಂಡನ್ನು ಬಲವಾಗಿ ಒದೆಯದೆ, ಗೋಲ್‌ಕೀಪರ್ ಒಂದು ಬದಿಗೆ ಹಾರುತ್ತಿದ್ದಂತೆ ಮೆಲ್ಲನೆ ನಡುವಿಗೆ ಎತ್ತಿಹಾಕಿದರು. ಪಂದ್ಯ 2-1ರಿಂದ ಬೊಟಾಫೊಗೊ ಪಾಲಾಯಿತು, ಪ್ರಶಸ್ತಿಯೂ ಸಿಕ್ಕಿತು. ಅದೇ ವರ್ಷದ ಜುಲೈ 2ರಂದು ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಘಾನಾ ವಿರುದ್ಧದ ನಿರ್ಣಾಯಕ ಪೆನಾಲ್ಟಿಯನ್ನೂ ಅವರು ಹಾಗೆಯೇ ಹೊಡೆದು ಉರುಗ್ವೆಯನ್ನು ಸೆಮಿಫೈನಲ್‌ಗೆ ದಾಟಿಸಿದರು. ‘ಪನೆಂಕಾ’ ಎಂದೇ ಕರೆಯುವ ಈ ಹೊಡೆತಕ್ಕೆ ಹೆಸರು ಕೊಟ್ಟ ಚೆಕೊಸ್ಲೊವಾಕಿಯಾದ ಆಟಗಾರ ಪನೆಂಕಾ ಅದನ್ನು ಯೂರೊ ಫೈನಲ್‌ನಲ್ಲಿ ಹೊಡೆದದ್ದು 1976ರಲ್ಲಿ. ಅಬ್ರೆಯು ಹುಟ್ಟಿದ್ದೂ ಆ ವರ್ಷವೇ. ಫ್ಲಮೆಂಗೊ ಮತ್ತು ಘಾನಾ ವಿರುದ್ಧದ ಎರಡೂ ಪಂದ್ಯಗಳಲ್ಲಿ ಅವರ ಬೆನ್ನ ಮೇಲಿದ್ದ ಸಂಖ್ಯೆ 13.

ಇನ್ನು ಜೆರ್ಸಿಯ ವಿಷಯ. ಹಳೆಯ ಮಾದರಿಯ ಜೆರ್ಸಿಗಳನ್ನು ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿಯೊಂದರಿಂದ 1,150 ರೂಪಾಯಿ ಕೊಟ್ಟು ತರಿಸಿದೆ. ಕಪ್ಪು-ಬಿಳುಪಿನ ಪಟ್ಟೆಗಳನ್ನು ಅವರು ಬಹಳ ಶ್ರದ್ಧೆಯಿಂದ ಕೂಡಿಸಿದ್ದಾರೆ: ಕಂಕುಳಿನ ಕೆಳಗಿನ ಹೊಲಿಗೆಯಲ್ಲಿ ಮುಂಭಾಗದ ಕಪ್ಪು ಪಟ್ಟೆಯ ಅಂಚು ಹಿಂಭಾಗದ ಬಿಳಿ ಪಟ್ಟೆಗೆ ಸರಿಯಾಗಿ ತಾಗಿ ನಿಲ್ಲುತ್ತದೆ, ಎಲ್ಲಿಯೂ ಎರಡು ಕಪ್ಪು ಪಟ್ಟೆಗಳು ಒಂದಾಗಿ ದಪ್ಪವಾಗಿ ಕಾಣುವುದಿಲ್ಲ. ಎದೆಯ ಮೇಲಿನ ಒಂಟಿ ನಕ್ಷತ್ರವನ್ನು ಅಚ್ಚು ಹಾಕದೆ ಕಸೂತಿ ಮಾಡಿದ್ದಾರೆ. ಒಳಬದಿಯ ದಾರದ ಗಂಟುಗಳು ಮೈಗೆ ಚುಚ್ಚದಂತೆ ತೆಳುವಾದ ಬಟ್ಟೆಯನ್ನೂ ಅಂಟಿಸಿದ್ದಾರೆ. ಬಟ್ಟೆ ಹಗುರವಾಗಿದ್ದು ಬೆವರಿದರೂ ಬೇಗ ಒಣಗುತ್ತದೆ. ಅಳತೆ ಮಾತ್ರ ಸ್ವಲ್ಪ ಬಿಗಿ, ಆದ್ದರಿಂದ ಆಡಲು ತೊಡುವವರು ಒಂದು ಅಳತೆ ದೊಡ್ಡದನ್ನೇ ತರಿಸುವುದು ಲೇಸು.

ನನಗೆ ನೋವಾದದ್ದು ಸಂಖ್ಯೆಯ ವಿಷಯದಲ್ಲಿ. ಈ ಜೆರ್ಸಿಯನ್ನು ಕೊಳ್ಳುವವರು ಕೊಳ್ಳುವುದೇ ಆ 13ಕ್ಕಾಗಿ. ಅದನ್ನೇ ಅಗ್ಗದ ಹಾಳೆಯಿಂದ ಕತ್ತರಿಸಿ ಶಾಖದಿಂದ ಅಂಟಿಸಿದ್ದರು. ಮೂರನೆಯ ಒಗೆತಕ್ಕೆ 3ರ ಕೆಳಗಿನ ತುದಿ ಎದ್ದಿತು. ಮಾರಾಟಗಾರರಿಗೆ ಚಿತ್ರ ಕಳುಹಿಸಿದಾಗ ಅವರು ಸಬೂಬು ಹೇಳದೆ, ಮೇಲೆ ಹತ್ತಿಬಟ್ಟೆ ಹಾಸಿ ಇಸ್ತ್ರಿ ಮಾಡಲು ತಿಳಿಸಿದರು. ಹಾಗೆ ಮಾಡಿದ ಮೇಲೆ ತುದಿ ಕೂತಿದೆ, ಆದರೆ ಗೆರೆಯೊಂದು ಉಳಿದಿದೆ. ಅಂದಿನಿಂದ ಒಳಗು ಹೊರಗು ಮಾಡಿ ತಣ್ಣೀರಿನಲ್ಲಿ ಕೈಯಿಂದಲೇ ಒಗೆದು ನೆರಳಿನಲ್ಲಿ ಒಣಗಿಸುತ್ತಿದ್ದೇನೆ.

ಆದರೂ ಇದೇ ಅಂಗಡಿಗೆ ಮತ್ತೊಂದು ಜೆರ್ಸಿ ಹೇಳಿದ್ದೇನೆ. ಅಬ್ರೆಯು ಆಟ ಆರಂಭಿಸಿದ ಡಿಫೆನ್ಸರ್‌ನ ನೇರಳೆ ಬಣ್ಣದ್ದು ಬೇಕೆಂದೂ, ಹಣ ಹೆಚ್ಚಾದರೂ ಸರಿಯೇ, ಈ ಬಾರಿ ಸಂಖ್ಯೆಯನ್ನು ಅಂಟಿಸದೆ ಹೊಲಿದೇ ಕೊಡಬೇಕೆಂದೂ ಬರೆದಿದ್ದೇನೆ.