‘ಸೆರಾಮಿಕ್’ ಅಂದ ಕೂಡಲೇ ಹಬ್ ಬಿಚ್ಚಲು ಕೊಡಬೇಡಿ

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲೂ ಸೈಕಲ್ ತುಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಬ್ ಅಂದರೆ ಚಕ್ರದ ನಡುಭಾಗ; ಅದರೊಳಗೆ ಒಳ ರಿಂಗ್, ಹೊರ ರಿಂಗ್‌ಗಳ ನಡುವೆ ಗುಂಡುಗಳು ಓಡುವ ಬೇರಿಂಗ್ ಇರುತ್ತದೆ. ಅದನ್ನು ಬದಲಿಸಲು ಹೋದಾಗ ‘ಸೆರಾಮಿಕ್’, ‘ಎಬಿಇಸಿ 7’, ‘ಹೈ ಸ್ಪೀಡ್’ ಎಂಬ ಮಾತು ಬಂದರೆ ದಯವಿಟ್ಟು ಅಲ್ಲೇ ತಡೆದು ನಾಲ್ಕು ಪ್ರಶ್ನೆ ಕೇಳಿ. ಆ ಮಾತನ್ನು ನಂಬಿದ್ದಕ್ಕೆ ನನ್ನ ಹಿಂದಿನ ಹಬ್ಬೇ ಹೋಯಿತು. ಅದೂ ಘಾಟಿಯ ನಡುವೆ.

ನನ್ನದು ಡಿಸ್ಕ್ ಬ್ರೇಕಿನ ಹೈಬ್ರಿಡ್ ಸೈಕಲ್. ಹಿಂದಿನ ಹಬ್ಬಿಗೆ 6902 ನಂಬರಿನ ಬೇರಿಂಗ್: ಒಳಗಿನ ತೂತು 15 ಮಿ.ಮೀ., ಹೊರ ಅಳತೆ 28, ದಪ್ಪ 7. ಮೇ ಕೊನೆಗೆ ಸಣ್ಣಗೆ ಗರಗರ ಶುರುವಾಗಿತ್ತು. ಮಳೆ ಹಿಡಿಯುವ ಮೊದಲೇ ಹೊಸದು ಹಾಕಿಸೋಣವೆಂದು ಉಡುಪಿ ಕಡೆಯ ಒಂದು ಅಂಗಡಿಗೆ ಚಕ್ರ ಕೊಟ್ಟೆ. “ಇದು ಸೆರಾಮಿಕ್ ಮಾರಾಯ್ರೆ, ಎಬಿಇಸಿ 7. ಇನ್ನು ಐದು ವರ್ಷ ಮುಟ್ಲಿಕ್ಕೇ ಇಲ್ಲ” ಅಂದರು. ಮಾಮೂಲಿ ಬೇರಿಂಗಿನ ನಾಲ್ಕು ಪಟ್ಟು ರೇಟು. ಸಂಜೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ತೋರಿಸಿದರು. ನಿಲ್ಲುವ ಲಕ್ಷಣವೇ ಇರಲಿಲ್ಲ. ಅಂಗಡಿಯಲ್ಲಿ ಎಲ್ಲರೂ ಮರುಳಾಗುವುದು ಇಲ್ಲಿಯೇ. ರಬ್ಬರ್ ಸೀಲ್ ಒಳ ರಿಂಗಿಗೆ ಒತ್ತಿಕೊಂಡಿದ್ದು, ಒಳಗೆ ಗಟ್ಟಿ ಗ್ರೀಸ್ ತುಂಬಿದ್ದರೆ ಹೊಸ ಬೇರಿಂಗ್ ಬೆರಳಿಗೆ ತುಸು ಬಿಗಿಯಾಗಿಯೇ ಸಿಗುತ್ತದೆ. ಹಾಗೆ ಗಾಳಿಯಲ್ಲಿ ತಿರುಗುತ್ತಲೇ ಇರುವುದು ನೀರು ತಡೆಯುವ ಬೇರಿಂಗಿನ ಗುಣವಲ್ಲ.

ಜುಲೈಯಲ್ಲಿ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಹಿಂದಿನಿಂದ ಒರಳಲ್ಲಿ ಮರಳು ಅರೆದಂಥ ಸದ್ದು. ಇಳಿಯುವಾಗ ಮೇಲಿನ ಒಂದೆರಡು ತಿರುವು ದಾಟುವಷ್ಟರಲ್ಲಿ ಚಕ್ರ ಅಡ್ಡಡ್ಡ ಅಲ್ಲಾಡತೊಡಗಿತು. ಹಬ್ ಅಲ್ಲಾಡಿದರೆ ಡಿಸ್ಕೂ ಅಲ್ಲಾಡುತ್ತದೆ. ಪ್ಯಾಡಿಗೆ ಉಜ್ಜಿ ಕಿರುಚುತ್ತಿತ್ತು, ಬ್ರೇಕ್ ಹಿಡಿದರೆ ಲಿವರ್ ಒಳಗೆ ಹೋಗುತ್ತಿತ್ತು. ಜಡಿಮಳೆ, ಮಂಜು, ಕೆಳಗಿನಿಂದ ಹತ್ತಿ ಬರುವ ಬಸ್ಸು. ಉಳಿದ ಘಾಟಿಯನ್ನು ಸೈಕಲ್ ತಳ್ಳಿಕೊಂಡೇ ಇಳಿದೆ. ಆ ಹೊತ್ತಿನ ಭಯ ಇನ್ನೂ ಹೋಗಿಲ್ಲ. ವೇಗದಲ್ಲಿದ್ದಾಗ ಚಕ್ರ ಜಾಮ್ ಆಗಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಪರಿಚಯದ ಲೇತ್ ವರ್ಕ್‌ಶಾಪಿನಲ್ಲಿ ಬೇರಿಂಗ್ ತೆಗೆಸಿ ಒಡೆದು ನೋಡಿದೆವು. ಗುಂಡುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಸೆರಾಮಿಕ್ ಬೇರಿಂಗ್ ಅಂದರೆ ಸಾಮಾನ್ಯವಾಗಿ ಸ್ಟೀಲ್ ರಿಂಗಿನೊಳಗೆ ಸಿಲಿಕಾನ್ ನೈಟ್ರೈಡಿನ ಗುಂಡುಗಳು. ಅದಕ್ಕೆ ತುಕ್ಕು ಹಿಡಿಯುವುದೇ ಇಲ್ಲ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಇವು ಟಕ್ಕೆಂದು ಅಂಟಿಕೊಂಡವು. ನಾಲ್ಕು ಪಟ್ಟು ದುಡ್ಡು ಕೊಟ್ಟು ಬಂದದ್ದು ಮಾಮೂಲಿ ಸ್ಟೀಲ್! ಅಸಲಿ ಸೆರಾಮಿಕ್ ಆಗಿದ್ದರೂ ನಮ್ಮ ಮಳೆಗೆ ಅದು ದುಂದೇ. ಗುಂಡಿಗೆ ತುಕ್ಕಿಲ್ಲದಿದ್ದರೂ ಗುಂಡು ಓಡುವ ರಿಂಗಿಗೆ ತುಕ್ಕು ಬಿಡುವುದಿಲ್ಲ.

ಎರಡೂ ಬದಿಗೆ ಇದ್ದದ್ದು ತಗಡಿನ ಮುಚ್ಚಳ, ನಂಬರಿನ ಕೊನೆಗೆ ‘ಝಡ್‌ಝಡ್’ ಎಂದು ಬರುತ್ತದಲ್ಲ, ಅದು. ಈ ತಗಡು ಒಳ ರಿಂಗನ್ನು ಮುಟ್ಟುವುದಿಲ್ಲ, ನಡುವೆ ಸಂದು ಇರುತ್ತದೆ. ದಪ್ಪ ಧೂಳಿಗೆ ಅಡ್ಡವಾದೀತು, ಕೆಸರುನೀರಿಗೆ ಅಲ್ಲ. ಗ್ರೀಸಿನ ಕುರುಹೂ ಉಳಿದಿರಲಿಲ್ಲ.

ನನಗೆ ಹೆಚ್ಚು ಸಿಟ್ಟು ಬಂದದ್ದು ಇನ್ನೊಂದನ್ನು ಕಂಡಾಗ. ರಿಂಗಿನ ಹಾದಿಯಲ್ಲಿ ಗುಂಡುಗಳು ಕೂರುವಷ್ಟೇ ಅಂತರಕ್ಕೆ ಸಾಲಾಗಿ ಸಣ್ಣ ಸಣ್ಣ ತಗ್ಗುಗಳು. ಲೇತಿನವರು ನೋಡಿದ ಕೂಡಲೇ ಹೇಳಿದರು, ಇದು ಸುತ್ತಿಗೆಯ ಕೆಲಸ ಎಂದು. ಹಬ್ಬಿನೊಳಗೆ ಬೇರಿಂಗ್ ಕೂರಿಸುವಾಗ ಒತ್ತಡ ಹೊರ ರಿಂಗಿನ ಮೇಲೆ ಬೀಳಬೇಕು. ಒಳ ರಿಂಗಿಗೆ ಪೆಟ್ಟು ಕೊಟ್ಟರೆ ಅಷ್ಟೂ ಪೆಟ್ಟು ಗುಂಡುಗಳ ಮೂಲಕ ಹಾದು ರಿಂಗಿನಲ್ಲಿ ತಗ್ಗು ಮೂಡಿಸುತ್ತದೆ. ಬೇರಿಂಗ್ ಎಷ್ಟೇ ಒಳ್ಳೆಯದಿರಲಿ, ರಸ್ತೆಗಿಳಿಯುವ ಮೊದಲೇ ಕೆಟ್ಟಿರುತ್ತದೆ. ಕೊನೆಗೆ ಅದು ಬಿಗಿ ಹಿಡಿದು, ಹೊರ ರಿಂಗ್ ಹಬ್ಬಿನೊಳಗೇ ತಿರುಗಿ ಅಲ್ಯುಮಿನಿಯಂ ಗೂಡು ಸವೆದು ಅಗಲವಾಗಿತ್ತು. ಹೊಸ ಹಬ್ ತರಿಸಿ, ಕಡ್ಡಿ ಬಿಚ್ಚಿ, ಇಡೀ ಚಕ್ರ ಮತ್ತೆ ಕಟ್ಟಿಸಬೇಕಾಯಿತು.

ಎಬಿಇಸಿ ನಂಬರಿನ ಬಗ್ಗೆ ಒಂದು ಮಾತು. 1, 3, 5, 7, 9 ಎಂದು ಹೋಗುವ ಆ ಅಂಕಿ ಹೇಳುವುದು ರಿಂಗುಗಳ ಅಳತೆ, ತಿರುಗುವಿಕೆ ಎಷ್ಟು ಕರಾರುವಾಕ್ಕು ಎಂಬುದನ್ನು. ಸ್ಟೀಲ್ ಎಂಥದ್ದು, ಸೀಲ್ ಹೇಗಿದೆ, ಗ್ರೀಸ್ ಯಾವುದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೂ ಸೈಕಲ್ ಚಕ್ರ ತಿರುಗುವುದು ನಿಮಿಷಕ್ಕೆ ಸುಮಾರು 200 ಸುತ್ತು. ಸಾವಿರಾರು ಸುತ್ತು ತಿರುಗುವ ಮೋಟರಿಗೆ ಬೇಕಾದ ನಯ ನಮ್ಮ ಹಬ್ಬಿಗೆ ಏಕೆ? ನಮಗೆ ಬೇಕಾದದ್ದು ನೀರು ತಡೆಯುವ ಸೀಲ್.

ಹಾಗಾಗಿ ಎರಡೂ ಬದಿಗೆ ಒಳ ರಿಂಗನ್ನು ಮುಟ್ಟುವ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಬೇರಿಂಗ್ ಕಂಪನಿಗಳ ಪೈಕಿ ಎಸ್‌ಕೆಎಫ್‌ನಲ್ಲಿ ನಂಬರಿನ ಕೊನೆಗೆ 2ಆರ್‌ಎಸ್1 ಎಂದಿರುತ್ತದೆ, ಎನ್‌ಟಿಎನ್‌ನಲ್ಲಿ ಎಲ್‌ಎಲ್‌ಯು, ಎನ್‌ಎಸ್‌ಕೆಯಲ್ಲಿ ಡಿಡಿಯು. ಎಲ್‌ಎಲ್‌ಬಿ, ವಿವಿ ಎಂದಿದ್ದರೆ ಸೀಲ್ ರಬ್ಬರಿನದೇ ಆದರೂ ಒಳ ರಿಂಗನ್ನು ಮುಟ್ಟುವುದಿಲ್ಲ. ಬಯಲುಸೀಮೆಯ ಒಣರಸ್ತೆಗೆ ಸಾಕು, ಆಗುಂಬೆಗೆ ಸಾಲದು. ಎಸ್‌ಕೆಎಫ್‌ನವರು 6902ನ್ನು 61902 ಎಂದು ಬರೆಯುತ್ತಾರೆ, ಗಾಬರಿ ಬೇಡ, ಅಳತೆ ಒಂದೇ. ಆದರೆ 15267 ಎಂಬುದು ಬೇರೆ, ಅದರ ಹೊರ ಅಳತೆ 26. ಹಳೆಯದರ ಮೇಲಿನ ನಂಬರ್ ಅಳಿಸಿದ್ದರೆ ವರ್ನಿಯರಿನಲ್ಲಿ ಅಳೆದೇ ತನ್ನಿ.

ಹೆಸರಿರುವ ಕಂಪನಿಗಳದ್ದೆಂದು ನಕಲಿ ಮಾಲು ಮಾರುವವರೂ ಇದ್ದಾರೆ. ಕಂಪನಿಯ ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ಕೊಳ್ಳಿ. ಎಸ್‌ಕೆಎಫ್ ಆದರೆ ಅವರದೇ ಆ್ಯಪ್ ಇದೆ, ಡಬ್ಬಿ ಮತ್ತು ಬೇರಿಂಗಿನ ಫೋಟೋ ಕಳಿಸಿ ಅಸಲಿಯೇ ಎಂದು ಕೇಳಬಹುದು. ಸೈಕಲ್ ಅಂಗಡಿಯಲ್ಲೇ ಹಾಕಿಸುವುದಾದರೂ ಬೇರಿಂಗ್ ನೀವೇ ಒಯ್ಯಿರಿ.

ಹಾಕುವ ಮೊದಲು ಸೀಲಿನ ಹೊರ ಅಂಚನ್ನು ತೆಳು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ಒಳಗೆ ನೋಡಿ. ಫ್ಯಾಕ್ಟರಿಯಲ್ಲಿ ಸಾಮಾನ್ಯವಾಗಿ ಖಾಲಿ ಜಾಗದ ಮೂರನೇ ಒಂದು ಭಾಗದಷ್ಟೇ ಗ್ರೀಸ್ ಹಾಕಿರುತ್ತಾರೆ. ಗ್ರೀಸ್ ಹೆಚ್ಚಾದರೂ ನಮ್ಮ ವೇಗಕ್ಕೆ ಬಿಸಿಯಾಗುವ ಪ್ರಶ್ನೆಯಿಲ್ಲ, ನೀರಿಗೆ ತೊಳೆದುಹೋಗದ ಗ್ರೀಸನ್ನು ಇನ್ನಷ್ಟು ತುಂಬಬಹುದು. ಕೂರಿಸಲು ಪ್ರೆಸ್ ಇಲ್ಲದಿದ್ದರೆ ಉದ್ದ ಬೋಲ್ಟು, ನಟ್ಟು, ಹೊರ ರಿಂಗಿನ ಮೇಲೆ ಸಮನಾಗಿ ಕೂರುವ ದಪ್ಪ ವಾಷರ್ ಇದ್ದರೂ ಸಾಕು, ನಿಧಾನಕ್ಕೆ ಬಿಗಿ ಮಾಡುತ್ತಾ ಹೋದರೆ ನೆಟ್ಟಗೆ ಇಳಿಯುತ್ತದೆ. ಅಂಗಡಿಯವರು ಸುತ್ತಿಗೆ ತೆಗೆದರೆ ಸಂಕೋಚ ಬಿಟ್ಟು ಬೇಡ ಅನ್ನಿ.

ಇನ್ನು ವಾಟರ್ ಸರ್ವಿಸ್‌ನವರ ಪೈಪನ್ನು ಹಬ್ಬಿನ ಹತ್ತಿರ ಬಿಡಲೇಬೇಡಿ. ಆ ರಭಸಕ್ಕೆ ಒಳ್ಳೆಯ ಸೀಲೂ ನೀರು ಒಳಗೆ ಬಿಡುತ್ತದೆ, ಹೋದ ನೀರು ಹೊರಗೆ ಬರುವುದಿಲ್ಲ. ಬಕೆಟ್ ನೀರು, ಹಳೇ ಬಟ್ಟೆ ಸಾಕು. ತೊಳೆದು ಒರೆಸಿದ ಮೇಲೆ ಚಕ್ರ ಬಿಚ್ಚಿ ಒಳ ರಿಂಗಿಗೆ ಬೆರಳು ಹಾಕಿ ತಿರುಗಿಸಿ ನೋಡಿ. ಎಲ್ಲಾದರೂ ಒಂದು ಕಡೆ ತಡೆದಂತಾದರೆ, ಆ ವಾರ ಘಾಟಿಗೆ ಹೋಗಬೇಡಿ.