ಡ್ರೈಯರ್ ವೈರ್‌ಗೆ ಕತ್ತರಿ ಹಾಕಿಸಬೇಡಿ

ಬಿಸಿಲಿಗೆ ಬರವಿಲ್ಲದ ಬಳ್ಳಾರಿ ಜಿಲ್ಲೆಯಲ್ಲಿ ಬಟ್ಟೆ ಒಣಗಿಸಲು ಯಂತ್ರವೇಕೆ ಎಂದು ನಗುವವರು ಸಂಡೂರಿಗೆ ಬಂದು ಬಿಳಿ ಅಂಗಿಯೊಂದನ್ನು ಮಾಳಿಗೆಯ ಮೇಲೆ ಹರವಿ ನೋಡಲಿ. ಅದಿರು ಲಾರಿ ಓಡಾಡುವ ದಾರಿಯ ಮನೆಯಾದರೆ ಸಂಜೆಗೆ ಅದು ಕಾವಿ ಬಟ್ಟೆ. ಮಗಳ ಸಮವಸ್ತ್ರವನ್ನು ಎರಡೆರಡು ಸಲ ಒಗೆದು ಸಾಕಾಗಿಯೇ ನಾವು ಡ್ರೈಯರ್ ಕೊಂಡದ್ದು.

ಅದರ ವೈರ್ ಗಿಡ್ಡ. ಪವರ್ ಸಾಕೆಟ್ ಇದ್ದದ್ದು ಅಡುಗೆಮನೆಯಲ್ಲಿ, ಯಂತ್ರ ಇಟ್ಟದ್ದು ಹಿತ್ತಲ ಪಡಸಾಲೆಯಲ್ಲಿ. ಗೋಡೆ ಕೊರೆದು ಹೊಸ ಲೈನ್ ಎಳೆಯುವುದು ಬೇಡ, ಮೊನ್ನೆಯಷ್ಟೇ ಬಣ್ಣ ಬಳಿಸಿದ್ದೇವೆ ಎಂದು ಹಟ ಹಿಡಿದವಳು ನಾನೇ. ಕರೆಸಿದ ಹುಡುಗ ಕಂಪನಿಯ ದಪ್ಪ ಪ್ಲಗ್ ಕತ್ತರಿಸಿದ, ಮೂರು ಮೀಟರ್ ವೈರ್ ಸೇರಿಸಿ ಟೇಪ್ ಸುತ್ತಿದ, ತುದಿಗೆ 6 ಆಂಪಿಯರ್‌ನ ಚಿಕ್ಕ ಪ್ಲಗ್ ಹಾಕಿ ಪಡಸಾಲೆಯ ಸಾಕೆಟ್‌ಗೆ ಚುಚ್ಚಿದ. ಯಂತ್ರ ತಿರುಗಿತು. ಅವನಿಗೆ ಚಹಾ ಕೊಟ್ಟು ಕಳಿಸಿದೆ.

ಎರಡು ವಾರ ಬಟ್ಟೆ ತೆಗೆಯುವಾಗಲೆಲ್ಲ ಬೆರಳು ಜುಮ್ಮೆನ್ನುತ್ತಿತ್ತು. ಪಾಲಿಯೆಸ್ಟರ್ ಬಟ್ಟೆಯ ಸ್ಥಿರ ವಿದ್ಯುತ್ ಎಂದು ನಾನೇ ಮನೆಯವರಿಗೆಲ್ಲ ಪಾಠ ಹೇಳಿದೆ. ಎಂಥ ದಡ್ಡತನ! ಬಟ್ಟೆಯ ಕಿಡಿ ಚಟ್ಟೆಂದು ಒಮ್ಮೆ ಹೊಡೆದು ಮುಗಿಯುತ್ತದೆ. ಇದು ಕೈ ಇಟ್ಟಷ್ಟು ಹೊತ್ತೂ ಇರುತ್ತಿತ್ತು, ಚಪ್ಪಲಿ ಮೆಟ್ಟಿಕೊಂಡರೆ ಕಡಿಮೆಯಾಗುತ್ತಿತ್ತು. ಅಷ್ಟು ಸಾಕಿತ್ತು, ನನಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ನೆಲ ಒರೆಸಿದ ಮೇಲೆ ಅತ್ತೆ ಬರಿಗಾಲಲ್ಲಿ ಹೋಗಿ ಡ್ರೈಯರ್ ಬಾಗಿಲಿಗೆ ಕೈ ಹಾಕಿದರು. ಕೂಗು ಕೇಳಿ ಓಡಿದಾಗ ಗೋಡೆಗೆ ಒರಗಿ ಬಿದ್ದಿದ್ದರು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ತೋಳಿನ ನೋವು ನಾಲ್ಕು ದಿನ ಇತ್ತು. ಮೇನ್ ಆರಿಸಿ ಪ್ಲಗ್ ಕೀಳಲು ಹೋದರೆ ಅದು ಕರಗಿ ಸಾಕೆಟ್‌ಗೇ ಅಂಟಿಕೊಂಡಿತ್ತು.

ಪರಿಚಯದ ನಿವೃತ್ತ ಲೈನ್‌ಮನ್ ಒಬ್ಬರು ಬಂದು ಟೇಪ್ ಬಿಚ್ಚಿದರು. ಸೇರಿಸಿದ ವೈರ್‌ನಲ್ಲಿ ಎರಡೇ ಎಳೆ. ಯಂತ್ರದಿಂದ ಬಂದ ಕಂದು, ನೀಲಿ ಎಳೆಗಳಿಗೆ ಜೋಡಿ ಸಿಕ್ಕಿತ್ತು; ಹಸಿರು-ಹಳದಿ ಎಳೆಯನ್ನು ಮಡಚಿ ಟೇಪ್ ಒಳಗೆ ಮುಚ್ಚಿಟ್ಟಿದ್ದ. ಅದೇ ಅರ್ತ್. ಯಂತ್ರದ ಒಳಗಿಂದ ಸೋರುವ ವಿದ್ಯುತ್ತನ್ನು ನೆಲಕ್ಕೆ ಒಯ್ಯಬೇಕಾದ ದಾರಿ. ಆ ದಾರಿ ಮುಚ್ಚಿದ್ದರಿಂದ ಅದು ಅತ್ತೆಯ ಮೈಯ ಮೂಲಕ ಹಾದುಹೋಗಿತ್ತು. ನಮ್ಮ ಡ್ರೈಯರ್ 2200 ವ್ಯಾಟ್‌ನದು. 230 ವೋಲ್ಟ್‌ನಲ್ಲಿ ಹೆಚ್ಚು ಕಡಿಮೆ ಒಂಬತ್ತೂವರೆ ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಪ್ಲಗ್ ಕರಗದೆ ಇನ್ನೇನಾದೀತು? ಹೆಚ್ಚು ವಿದ್ಯುತ್ ಹರಿದರೆ ತಾನೇ ಆರುವ ಸ್ವಿಚ್, ಎಂಸಿಬಿ, ಏಕೆ ಬೀಳಲಿಲ್ಲ ಎಂದು ಕೇಳಿದೆ. ಅದು 16 ಆಂಪಿಯರ್‌ನದು, ಅದರ ಪಾಲಿಗೆ ಎಲ್ಲ ಸರಿಯಾಗಿಯೇ ಇತ್ತು. ಸೋರಿಕೆಯನ್ನು ಹಿಡಿಯುವುದು ಆರ್‌ಸಿಸಿಬಿ ಎಂಬ ಬೇರೆ ಸ್ವಿಚ್. 30 ಮಿಲಿಆಂಪಿಯರ್‌ನದು ಇದ್ದಿದ್ದರೆ ಆಗಲೇ ಮೇನ್ ಬೀಳುತ್ತಿತ್ತು. ನಮ್ಮಲ್ಲಿ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅವರು ಮನೆಯ ಅರ್ತ್ ತಂತಿ ನೆಲಕ್ಕಿಳಿಯುವ ಗುಂಡಿಯನ್ನೂ ನೋಡಿದರು: ಬೇಸಿಗೆಗೆ ಮಣ್ಣು ಬಿರುಕು ಬಿಟ್ಟು ಒಣಗಿತ್ತು. ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ನಮ್ಮ ಕಡೆಯ ಬೇಸಿಗೆಯಲ್ಲಿ ತುಳಸಿಗೆ ಹಾಕುವಂತೆ ಅದಕ್ಕೂ ನೀರು ಹಾಕಬೇಕು ಎಂದರು. ಈಗ ಅದು ಅತ್ತೆಯದೇ ಕೆಲಸ, ಬೇರೆಯವರಿಗೆ ಬಿಡುವುದಿಲ್ಲ.

ಕೊನೆಗೆ ಬಣ್ಣದ ಗೋಡೆ ಕೊರೆದೇ ಪವರ್ ಸಾಕೆಟ್‌ಗೆ ಬೇರೆ ಲೈನ್ ಬಂತು, ಆರ್‌ಸಿಸಿಬಿಯೂ ಬಂತು. ಕಂಪನಿಯವರು ಕತ್ತರಿಸಿದ ವೈರ್ ನೋಡಿ ವಾರಂಟಿ ಇಲ್ಲ ಎಂದರು. ಹೊಸ ವೈರ್ ನಮ್ಮ ಖರ್ಚು.

ಇದನ್ನು ಬರೆಯಲು ಕೂತದ್ದು ನಿನ್ನೆಯ ಕಾರಣಕ್ಕೆ. ಅದೇ ಹುಡುಗ ಪಕ್ಕದ ಮನೆಯಲ್ಲಿ ಗೀಸರ್ ಕೂರಿಸುತ್ತಿದ್ದ. ಹಸಿರು ತಂತಿ ಎಲ್ಲಪ್ಪಾ ಎಂದು ಕೇಳಿದೆ.

"ಗೀಸರಿಗೂ ಬೇಕೇನಕ್ಕಾ?" ಎಂದ.