ನೆರೆ ಬಂದಾಗ ಹೆಗಲಿಗೆ ಯಾವುದು: ಡ್ರೈ ಬ್ಯಾಗಾ, ಸ್ಕೂಲ್ ಬ್ಯಾಗಾ?

2020ರ ಸೆಪ್ಟೆಂಬರ್‌ನಲ್ಲಿ ಸ್ವರ್ಣಾ ನದಿ ಉಕ್ಕಿ ಉಡುಪಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಲ್ಲಿ ನಡೆದೇ ಹೊರಡಬೇಕಾದರೆ ಎರಡೂ ಕೈ ಖಾಲಿ ಇರಬೇಕು. ಟ್ರಾಲಿ, ಕೈಚೀಲ ಬೇಡವೇ ಬೇಡ.

ಡ್ರೈ ಬ್ಯಾಗ್ ಅಂದರೆ ನೀರು ಇಳಿಯದ, ಬಾಯಿ ಮಡಚಿ ಮುಚ್ಚುವ ಚೀಲ. ಬಾಯಿಯನ್ನು ಮೂರು ಸುತ್ತು ಬಿಗಿಯಾಗಿ ಮಡಚಿ ಕ್ಲಿಪ್ ಹಾಕಿದರೆ ಎಂಥ ಮಳೆಯೂ ಒಳಗೆ ಇಳಿಯುವುದಿಲ್ಲ. ಆದರೆ ಹೆಚ್ಚಿನವಕ್ಕೆ ಒಳಗೆ ಖಾನೆಯೇ ಇಲ್ಲ. ತಳದಲ್ಲಿರುವ ಅಜ್ಜಿಯ ಬಿಪಿ ಮಾತ್ರೆ ಬೇಕಾದರೆ ಸುರಿಯುವ ಮಳೆಯಲ್ಲಿ ಎಲ್ಲವನ್ನೂ ಹೊರಗೆ ತೆಗೆಯಬೇಕು, ಅಲ್ವಾ? ತೆಳು ಪಟ್ಟಿ ಬೇರೆ ಹೆಗಲಿಗೆ ಒತ್ತುತ್ತದೆ.

ಸ್ಕೂಲ್ ಬ್ಯಾಗ್‌ನಲ್ಲಿ ಖಾನೆ ಜಾಸ್ತಿ, ಪಟ್ಟಿ ದಪ್ಪ. ಜಿಪ್‌ನಲ್ಲಿ ನೀರು ಇಳಿಯುತ್ತದೆ, ನಿಜ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಸಾಮಾನು ತುಂಬಿ, ಬಾಯಿ ತಿರುಚಿ ಕಟ್ಟಿ. ನಡೆದು ಹೋಗುವವರಿಗೆ ನಾನು ಹೇಳುವುದು ಇದನ್ನೇ. ಕುದ್ರುವಿನ (ನದಿ ನಡುವಿನ ದ್ವೀಪದ) ಮನೆಯವರು, ದೋಣಿ ಹತ್ತಬೇಕಾದವರು ಮಾತ್ರ ಡ್ರೈ ಬ್ಯಾಗ್‌ಗೇ ದುಡ್ಡು ಹಾಕಿ.

ಒಳಗಿಡುವುದು ಎರಡಕ್ಕೂ ಒಂದೇ: ಅವಲಕ್ಕಿ, ಬೆಲ್ಲ, ಓಆರ್‌ಎಸ್, ಟಾರ್ಚ್, ಮಾತ್ರೆ, ಆಧಾರ್ ಪ್ರತಿ. ನೀರು ಲೀಟರಿಗೆ ಒಂದು ಕೆಜಿ ತೂಗುತ್ತದೆ, ಒಬ್ಬರಿಗೆ ಎರಡು ಲೀಟರ್ ಸಾಕು. ಕಾಲಲ್ಲಿ ಗಾಯವಿದ್ದರೆ ನೀರು ತಾಗದ ಬ್ಯಾಂಡೇಜ್ ಹಾಕಿಯೇ ಹೊರಡಿ. ನೆರೆನೀರಿನಿಂದ ಇಲಿಜ್ವರ ಬರಬಹುದು.